ಕೇಳದೆ ಹೋದ ಸದ್ದು

ಮಾರ್ಚ್ ೩, ಸೋಮವಾರ

ಹೊಗೆಸಾಹೇಬರು ಕೊನೆಗೂ ಗೆದ್ದರು. ಕಂಪನಿಗೆ ಮುಖ್ಯಸ್ಥರಾಗಿ ಬಂದ ದಿನದಿಂದ ಅವರದು ಒಂದೇ ರಾಗ: ನಾವು ಯಂತ್ರಗಳನ್ನು ಪರೀಕ್ಷೆ ಮಾಡೋದು ಕಡಿಮೆ, ವಿಮಾನದಲ್ಲಿ ಓಡಾಡಿ ಆಕಾಶಕ್ಕೆ ಹೊಗೆ ಬಿಡೋದು ಜಾಸ್ತಿ. ಅದಕ್ಕೇ ಬೆನ್ನ ಹಿಂದೆ ಅವರಿಗೆ ಈ ಹೆಸರು. ಇವತ್ತು ಎಲ್ಲರನ್ನೂ ಕೂರಿಸಿಕೊಂಡು ಹೇಳಿಬಿಟ್ಟರು. ಇನ್ನು ಮುಂದೆ ಆದಷ್ಟೂ ಪ್ರಯಾಣ ಬೇಡ, ಪರದೆಯ ಮೇಲೇ ಪರೀಕ್ಷೆ. ಮೊದಲ ಪ್ರಯೋಗಕ್ಕೆ ಹರಕೆಯ ಕುರಿ ನಾನು.

ಕೆಲಸ ಒಂದು ಬೆಟ್ಟದೂರಿನ ರೋಪ್‌ವೇ. ಕಣಿವೆಯ ಈಚೆ ಊರು, ಆಚೆ ಆಸ್ಪತ್ರೆ ಮತ್ತು ಹೈಸ್ಕೂಲು. ನಡುವೆ ಉಕ್ಕಿನ ಹಗ್ಗಕ್ಕೆ ನೇತುಬಿದ್ದು ಓಡಾಡುವ ಡಬ್ಬಿಗಳು. ಅಲ್ಲಿಯವರು ಅದನ್ನು ತೊಟ್ಟಿಲು ಅಂತಾರಂತೆ. ಆ ಹಗ್ಗ ಎಳೆಯುವ ದೊಡ್ಡ ಚಕ್ರವನ್ನು ತಿರುಗಿಸುವ ಗೇರ್‌ಬಾಕ್ಸನ್ನು ಬಿಚ್ಚಿ ಹೊಸ ಬೇರಿಂಗ್ ಹಾಕಿದ್ದಾರೆ. ನಾನು ನೋಡಿ ಸಹಿ ಹಾಕುವವರೆಗೆ ಊರಿನ ಒಂದು ನರಪಿಳ್ಳೆಯೂ ತೊಟ್ಟಿಲು ಹತ್ತುವ ಹಾಗಿಲ್ಲ. ಅಲ್ಲಿಯವರೆಗೆ ಆಸ್ಪತ್ರೆಗೆ ಹೋಗಬೇಕಾದವರಿಗೆ ಬೆಟ್ಟ ಸುತ್ತಿಕೊಂಡು ಬಸ್ಸಿನಲ್ಲಿ ಅರ್ಧ ದಿನದ ದಾರಿ.

"ಸರ್, ಗೇರ್‌ಬಾಕ್ಸ್ ಮೇಲೆ ಕೈ ಇಟ್ಟು ನೋಡದೆ ನಾನು ಇವತ್ತಿನವರೆಗೆ ಸಹಿ ಹಾಕಿದವಳಲ್ಲ" ಅಂದೆ.

"ಕೈ ಇಡೋಕೆ ಅಲ್ಲಿ ಕೈಗಳಿದಾವಲ್ಲ ಮೇಡಂ. ನೀವು ಕಣ್ಣು, ಕಿವಿ ಆದ್ರೆ ಸಾಕು."

ಹೇಳುವವರ ಗಂಟೇನು ಹೋಗುತ್ತೆ.

ಮನೆಯಲ್ಲಿ ಸುದ್ದಿ ಹೇಳಿದೆ. "ಹಾಗಾದ್ರೆ ತಿಂಗಳು ಪೂರ್ತಿ ಮನೇಲೇ ಇರ್ತೀಯಾ?" ಅಂದರು ಅತ್ತೆ. ಅದು ಸಂತೋಷವೋ ಗಾಬರಿಯೋ ತಿಳಿಯಲಿಲ್ಲ. ಇವರು ಪಠ್ಯಪುಸ್ತಕದ ಕರಡು ತಿದ್ದುತ್ತಿದ್ದರು. ತಲೆ ಎತ್ತಲಿಲ್ಲ.

ಮಾರ್ಚ್ ೫, ಬುಧವಾರ

ಊಟದ ಮೇಜು ನನ್ನ ಕಚೇರಿಯಾಗಿದೆ. ಅದು ಇಷ್ಟು ವರ್ಷ ಇವರ ಕಚೇರಿಯಾಗಿತ್ತು ಅನ್ನೋದು ಇವರ ಕರಡಿನ ಕಟ್ಟುಗಳನ್ನು ಎತ್ತಿ ಕಿಟಕಿಯ ಕಟ್ಟೆಗೆ ಇಟ್ಟ ಮೇಲೆ ಗೊತ್ತಾಯಿತು.

ಮೊದಲ ಕರೆ. ಆ ಕಡೆ ರೋಪ್‌ವೇಯ ಹೆಡ್ ಮೆಕ್ಯಾನಿಕ್. ನನ್ನಷ್ಟೇ ವಯಸ್ಸಿರಬಹುದು. ಮುಕ್ಕಾಲು ಗಂಟೆಯ ಮಾತಿನಲ್ಲಿ ಆ ಮನುಷ್ಯನ ಬಾಯಿಂದ ಬಂದದ್ದು "ಹ್ಞೂಂ", "ಸರಿ ಮೇಡಂ", ಇಷ್ಟೇ. ನಾನು ಬೇರಿಂಗಿನ ಮುಚ್ಚಳ ತೋರಿಸಿ ಅಂದರೆ ಫೋನು ನೆಲ ತೋರಿಸುತ್ತೆ, ನೆಲದಿಂದ ಯಾರದೋ ಚಪ್ಪಲಿ, ಚಪ್ಪಲಿಯಿಂದ ಸೂರು. "ಎಡಕ್ಕೆ. ಇನ್ನೂ ಎಡಕ್ಕೆ. ನಿಮ್ಮ ಎಡ ಅಲ್ಲ, ನನ್ನ ಎಡ." ನಾನೇ ಅಲ್ಲಿದ್ದಿದ್ದರೆ ಹತ್ತು ನಿಮಿಷದ ಕೆಲಸ. ಟಾರ್ಚ್ ಕಸಿದುಕೊಂಡು ಮುಂದೆ ಹೋಗಿಬಿಡುತ್ತಿದ್ದೆ.

ಆತನಿಗೆ ಮೌನಿ ಅಂತ ಹೆಸರಿಟ್ಟಿದ್ದೇನೆ.

ಮಾರ್ಚ್ ೬, ಗುರುವಾರ

ದಿನವಿಡೀ ಬೋಲ್ಟು ನೋಡಿದೆ. ಗಂಟಲು ಕಟ್ಟಿದೆ.

"ನೀನು ಕೂಗೋ ಜೋರಿಗೆ ಆ ಊರಿಗೆ ಫೋನೇ ಬೇಡ" ಅಂದರು ಇವರು. ನಗುತ್ತಾ ಹೇಳಿದ್ದಲ್ಲ. ಕರಡು ತೆಗೆದುಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರ್ಚ್ ೧೦, ಸೋಮವಾರ

ಇವತ್ತು ಯಂತ್ರವನ್ನು ಮೊದಲ ಸಲ ಓಡಿಸಿದರು. ಡಬ್ಬಿಗಳನ್ನು ಹಗ್ಗದಿಂದ ಬಿಡಿಸಿ, ಬರೀ ಚಕ್ರ.

ಗೇರ್‌ಬಾಕ್ಸ್ ಪಕ್ಕದಲ್ಲಿ ನಿಂತಾಗ ಅದರ ನಡುಕ ಅಂಗಾಲಿನಿಂದ ಮೇಲೆ ಹತ್ತುತ್ತೆ. ಬೇರಿಂಗ್ ಸರಿ ಇಲ್ಲದಿದ್ದರೆ ಕಿವಿಗಿಂತ ಮುಂಚೆ ಹಲ್ಲಿಗೆ ಗೊತ್ತಾಗುತ್ತೆ. ಇಲ್ಲಿ ಅಂಗಾಲಿನ ಕೆಳಗೆ ಇರೋದು ನಮ್ಮ ಮನೆಯ ತಣ್ಣನೆಯ ನೆಲ. ಹೆಡ್‌ಫೋನ್ ಒತ್ತಿ ಹಿಡಿದು ಕೂತೆ. ಮೌನಿ ಸ್ವಿಚ್ ಒತ್ತಿದ. ಒಂದು ಗುಂಯ್ ಅಂತ ಎದ್ದು, ಹಾಗೇ ಇಳಿದು, ನಿಶ್ಶಬ್ದ. ಪರದೆಯ ಮೇಲೆ ಚಕ್ರ ಮಾತ್ರ ತಿರುಗುತ್ತಿತ್ತು. ಕಂಪನ ಅಳೆಯುವ ಮೀಟರನ್ನು ಹಿಡಿದು ತೋರಿಸಿದ. ಸ್ವಲ್ಪ ಮೇಲಕ್ಕಿದೆ, ಆದರೆ ಮಿತಿಯೊಳಗೇ.

"ಚೆನ್ನಾಗಿದೆ. ಸದ್ದೇ ಇಲ್ಲ" ಅಂದೆ.

ಆತ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ "ಸರಿ ಮೇಡಂ" ಅಂದ.

ಹೊಗಳಿದರೂ ಒಂದು ಮಾತಿಲ್ಲ. ಕಲ್ಲಿನ ಜೊತೆ ಮಾತಾಡಿದ ಹಾಗೆ.

ಮಾರ್ಚ್ ೧೧, ಮಂಗಳವಾರ

ಇವತ್ತು ಕರೆಯಲ್ಲಿ ಆ ಊರಿನ ಪುರಸಭೆಯ ಅಧ್ಯಕ್ಷೆಯೂ ಬಂದು ಕೂತಿದ್ದರು. ಮಾತು ಮೃದು, ಒಳಗೆ ಸೂಜಿ.

"ಹೋದ ವಾರ ಒಬ್ಬ ಹೆಂಗಸಿಗೆ ಬಸ್ಸಲ್ಲೇ ಹೆರಿಗೆ ಆಯ್ತು ಮೇಡಂ. ತಾಯಿ ಮಗು ಉಳ್ಕೊಂಡ್ರು. ಮುಂದಿನ ಸಲ ಉಳೀತಾರೆ ಅಂತ ನಾನು ಯಾರಿಗೆ ಹೇಳಲಿ? ನೀವು ಬಂದಿದ್ರೆ ಇಷ್ಟೊತ್ತಿಗೆ ಶುರುವಾಗ್ತಿತ್ತು ಅಂತಾರೆ ಜನ."

ಬರಬೇಡ ಅಂದದ್ದು ನಾನಲ್ಲ ಅಂತ ಹೇಳಬೇಕೆನಿಸಿತು.

ಹೋಗುವ ಮುಂಚೆ ಆಕೆ ಇನ್ನೊಂದು ವಿಷಯ ಹೇಳಿದರು. ಮೌನಿಯ ಹೆಂಡತಿ ಕಣಿವೆಯಾಚೆಯ ಆಸ್ಪತ್ರೆಯಲ್ಲಿ ನರ್ಸ್. ತೊಟ್ಟಿಲು ನಿಂತ ಮೇಲೆ ಅಲ್ಲೇ ಉಳಿದುಬಿಟ್ಟಿದ್ದಾಳೆ. ಆತ ಈಚೆ, ಎರಡು ಮಕ್ಕಳನ್ನು ಕಟ್ಟಿಕೊಂಡು. ಆಕೆ ಹೇಳುತ್ತಿರುವಾಗ ಆತ ಹಿಂದೆ ನಿಂತು ಬಟ್ಟೆಯಲ್ಲಿ ಸ್ಪ್ಯಾನರ್ ಒರೆಸುತ್ತಲೇ ಇದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

ಸಾಹೇಬರೂ ಸಂಜೆ ಫೋನ್ ಮಾಡಿದರು. ಶುಕ್ರವಾರ ಸಹಿ ಬೇಕಂತೆ. ಎಲ್ಲ ಅಂಕಿ ಸರಿ ಇರುವಾಗ ಮೀನಮೇಷ ಎಣಿಸೋದು ಯಾಕೆ ಅಂತ ಕೇಳಿದರು. ಕಣ್ಣ ಮುಂದೆ ಎಲ್ಲ ಸರಿಯಾಗಿಯೇ ಇದೆ. ಸರಿ ಇದೆ ಅಂತ ಅನ್ನಿಸುತ್ತಿಲ್ಲ, ಅಷ್ಟೇ.

ಮಾರ್ಚ್ ೧೩, ಗುರುವಾರ

ಮನೆಯಲ್ಲಿ ಜಗಳ. ಜಗಳ ಅನ್ನುವಷ್ಟು ದೊಡ್ಡದಲ್ಲ, ಅದೇ ತೊಂದರೆ.

ನಾನು ಅಡುಗೆಮನೆಯ ಡಬ್ಬಗಳನ್ನು ಜೋಡಿಸುತ್ತಿದ್ದೆ. ಕೈ ಸುಮ್ಮನಿರುತ್ತಿಲ್ಲ, ಏನಾದರೂ ಬಿಚ್ಚಬೇಕು, ಏನಾದರೂ ಜೋಡಿಸಬೇಕು. ಇವರು ಬಂದು ಉಪ್ಪಿನ ಡಬ್ಬ ಹುಡುಕಿದರು. ಸಿಗಲಿಲ್ಲ. ಎಲ್ಲಿ ಅಂತ ಕೇಳಲೂ ಇಲ್ಲ. ಸ್ವಲ್ಪ ಹೊತ್ತು ನಿಂತು ಹೇಳಿದರು:

"ನೀನು ಮನೇಲಿರೋಕೆ ಶುರು ಮಾಡಿದ ಮೇಲೆ ಮನೆ ಚಿಕ್ಕದಾಗಿದೆ ಕಣೆ."

"ನಾನೇನು ಕೇಳಿಕೊಂಡು ಇದ್ದೀನಾ ರೀ ಇಲ್ಲಿ?"

"ಅದೇ ಹೇಳಿದ್ದು" ಅಂದರು.

ಅತ್ತೆ ಹಾಲ್‌ನಲ್ಲಿ ಕೂತು ಟೀವಿಯ ವಾಲ್ಯೂಮ್ ಏರಿಸಿದರು. ಕಿವಿ ಮಂದವಾದದ್ದಕ್ಕಲ್ಲ. ಎಂಬತ್ತು ದಾಟಿದರೂ ಅವರ ಕಿವಿ ಸೂಜಿ ಬಿದ್ದರೂ ಹಿಡಿಯುತ್ತೆ.

ನಾಳೆ ಸಹಿ. ಅದಾದರೆ ನಾಡಿದ್ದು ಮರಳಿನ ಮೂಟೆ ಹೇರಿ ಓಡಿಸುತ್ತಾರೆ, ಜೊತೆಗೆ ಮೌನಿಯ ಕೈಕೆಳಗೆ ಕೆಲಸ ಮಾಡುವ ಹುಡುಗರು ಇಬ್ಬರು ಡಬ್ಬಿಯಲ್ಲಿ ಕೂತು ಹಗ್ಗ ನೋಡಿಕೊಂಡು ಹೋಗುತ್ತಾರೆ.

ಮಾರ್ಚ್ ೧೪, ಶುಕ್ರವಾರ

ಸಹಿ ಹಾಕಲಿಲ್ಲ.

ಬೆಳಿಗ್ಗೆ ಕೊನೆಯ ಸಲ ಯಂತ್ರ ಓಡಿಸಿ ನೋಡುತ್ತಿದ್ದೆವು. ಸಹಿ ಹಾಕುವ ಕಾಗದ ಪಕ್ಕದಲ್ಲೇ ಇತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಇವರು ಮಿಕ್ಸಿ ಹಾಕಿದರು. ನಿನ್ನೆಯ ಸಿಟ್ಟನ್ನು ಅದರಲ್ಲಿ ರುಬ್ಬುತ್ತಿದ್ದರು ಅಂತ ಕಾಣುತ್ತೆ, ನಿಲ್ಲಿಸಲೇ ಇಲ್ಲ. ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ನಾಚಿಕೆಯಾಗಿ ಮೌನಿಗೆ ಹೇಳಿದೆ:

"ಕ್ಷಮಿಸಿ, ಮನೇಲಿ ಮಿಕ್ಸಿ. ತುಂಬ ಸದ್ದು."

ಆತ ಪರದೆಯ ಹತ್ತಿರ ಬಂದ. "ಯಾವ ಸದ್ದು ಮೇಡಂ?"

"ಮಿಕ್ಸಿ. ಕೇಳ್ತಿಲ್ವಾ?"

"ಇಲ್ಲ. ನಿಮ್ಮ ಮಾತು ಸ್ಪಷ್ಟವಾಗಿ ಕೇಳ್ತಿದೆ. ಬೇರೆ ಏನೂ ಇಲ್ಲ."

ಒಂದು ನಿಮಿಷ ಅಂತ ಹೇಳಿ ಎದ್ದೆ. ಇವರ ಕೈಗೆ ಇವರದೇ ಫೋನು ಕೊಟ್ಟು, ಅದೇ ಆ್ಯಪಿನಲ್ಲಿ ನನಗೆ ಕರೆ ಮಾಡಿ ಅಂದೆ. ನಾನು ಹೆಡ್‌ಫೋನ್ ಹಾಕಿಕೊಂಡು ಮಹಡಿಯ ಮೆಟ್ಟಿಲು ಹತ್ತಿ ಬಾಗಿಲು ಮುಚ್ಚಿದೆ.

"ಮಿಕ್ಸಿ ಹಾಕಿ ರೀ."

"ಹಾಕಿದೀನಿ" ಅಂದರು ಇವರು. ಗುಂಯ್ ಅಂತ ಎದ್ದು, ಹಾಗೇ ಇಳಿದು, ನಿಶ್ಶಬ್ದ. "ಓಡ್ತಾನೇ ಇದೆ. ಏನಾಯ್ತು ನಿಂಗೆ?" ಇವರ ದನಿ ಮಾತ್ರ ಪಕ್ಕದಲ್ಲೇ ನಿಂತು ಹೇಳಿದ ಹಾಗೆ.

ಕರೆಯಲ್ಲಿ ಮಾತು ಸ್ಪಷ್ಟವಾಗಿ ಕೇಳಲಿ ಅಂತ ಆ ಆ್ಯಪು ಉಳಿದ ಸದ್ದನ್ನೆಲ್ಲ ಸೋಸಿ ಬಿಸಾಡುತ್ತೆ. ಫ್ಯಾನು, ಮಿಕ್ಸಿ, ಒಂದೇ ಸಮ ಓಡುವ ಯಾವುದೇ ಸದ್ದು. ಗೇರ್‌ಬಾಕ್ಸ್ ಮಾಡೋದು ಅದೇ ಸದ್ದು. ನಾನು ಸೋಮವಾರದಿಂದ ಕಿವಿ ಒತ್ತಿ ಹಿಡಿದು ಕೇಳುತ್ತಿದ್ದದ್ದು ಸೋಸಿದ ಮೇಲೆ ಉಳಿದ ಖಾಲಿಯನ್ನು.

ಮೌನಿಗೆ ಹೇಳಿದೆ: "ಕರೆ ಬೇಡ. ನಿಮ್ಮ ಫೋನಿನ ರೆಕಾರ್ಡರ್ ಆನ್ ಮಾಡಿ, ಬೇರಿಂಗ್ ಪಕ್ಕ ಇಟ್ಟು ರೆಕಾರ್ಡ್ ಮಾಡಿ, ಆ ಫೈಲನ್ನ ಕಳಿಸಿ."

ಆತ ಫೋನು ಎತ್ತಿಕೊಂಡು ಬೇರಿಂಗಿನ ಕಡೆ ಹೋದ. ಯಾಕೆ ಅಂತಲೂ ಕೇಳಲಿಲ್ಲ.

ಫೈಲು ಬಂತು. ಕಿವಿಗೆ ಹಾಕಿಕೊಂಡೆ. ಗುಂಯ್ ಅನ್ನುವ ಯಂತ್ರದ ಒಡಲೊಳಗಿಂದ ಕರ್, ಕರ್, ಕರ್. ಅನ್ನದಲ್ಲಿ ಸಿಕ್ಕಿದ ಕಲ್ಲನ್ನು ಯಾರೋ ಬಿಡದೆ ಅಗಿಯುತ್ತಿರುವ ಹಾಗೆ.

ಮತ್ತೆ ಕರೆ ಮಾಡಿದೆ. "ಈ ಸದ್ದು ಯಾವಾಗಿಂದ ಇದೆ?"

"ಮೊದಲ ದಿನದಿಂದ."

"ನಿಮಗೆ ಕೇಳ್ತಿತ್ತಾ?"

"ಕೇಳ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಆತ ನೆಲ ನೋಡಿದ. "ನಿಮಗೂ ಕೇಳ್ತಿದೆ ಅಂದ್ಕೊಂಡೆ. ಸದ್ದೇ ಇಲ್ಲ ಅಂದ್ರಲ್ಲ ನೀವು. ಇಷ್ಟು ದೊಡ್ಡ ಇನ್‌ಸ್ಪೆಕ್ಟರ್ ಇದನ್ನ ಸದ್ದೇ ಅಲ್ಲ ಅಂದ್ರೆ ಸದ್ದಲ್ಲ ಇರಬೇಕು ಅಂತ..."

ಯಂತ್ರ ನಿಲ್ಲಿಸಿ, ಮುಟ್ಟಬೇಡಿ ಅಂತ ಹೇಳಿ ಕರೆ ಮುಗಿಸಿದೆ. ಕಾಗದವನ್ನು ಮೇಜಿನ ಖಾನೆಗೆ ಹಾಕಿದೆ.

ನಾಳೆ ಆ ಇಬ್ಬರು ಹುಡುಗರು ಕಣಿವೆಯ ಮಧ್ಯದಲ್ಲಿರುವಾಗ ಆ ಬೇರಿಂಗ್ ಬಿಗಿದು ಚಕ್ರ ನಿಂತುಹೋಗಿದ್ದರೆ? ಇವರು ಟೀ ತಂದು ಮುಂದಿಟ್ಟು ಎದುರು ಕೂತರು. ಟೀ ಕುಡಿದೆ.

ಮಾರ್ಚ್ ೧೫, ಶನಿವಾರ

ಬೆಳಿಗ್ಗೆ ಮೆಕ್ಯಾನಿಕ್ ತಾನಾಗಿಯೇ ಫೋನ್ ಮಾಡಿದ. ವಿಡಿಯೊ ಇಲ್ಲದೆ, ಬರೀ ದನಿ. ಬೈಯಬೇಕು ಅಂತ ರಾತ್ರಿಯಿಂದ ಮಾತುಗಳನ್ನು ಸಾಣೆ ಹಿಡಿದು ಇಟ್ಟುಕೊಂಡಿದ್ದೆ.

"ನಿನ್ನೆ ನಾನು ಅರ್ಧ ಹೇಳಿದೆ ಮೇಡಂ. ಇನ್ನರ್ಧ ಹೇಳ್ಬೇಕು."

"ಹೇಳಿ."

"ಬೇರಿಂಗ್ ಕಾಯಿಸಿ ಕೂರಿಸ್ಬೇಕು. ನಮ್ಮ ಹೀಟರ್ ಕೆಟ್ಟಿತ್ತು. ದಿನ ಆಗ್ತಿತ್ತಲ್ಲ, ಸುತ್ತಿಗೇಲಿ ಹೊಡೆದು ಕೂರಿಸಿದ್ವಿ. ಹೊಡೆದಿದ್ದು ನಾನೇ. ಸದ್ದು ಕೇಳಿದ ತಕ್ಷಣ ಅದೇ ಇರಬೇಕು ಅನ್ನಿಸ್ತು. ನೀವು ಸದ್ದಿಲ್ಲ ಅಂದಾಗ... ನಂಗೂ ಶುರುವಾಗೋದು ಬೇಕಿತ್ತು ಮೇಡಂ. ಚಿಕ್ಕವಳು ದಿನಾ ಅಮ್ಮ ಯಾವಾಗ ಬರ್ತಾಳೆ ಅಂತ ಕೇಳ್ತಾಳೆ."

ಸಾಣೆ ಹಿಡಿದ ಮಾತು ಒಂದೂ ಹೊರಗೆ ಬರಲಿಲ್ಲ. ನಾನು ಕೇಳಿದ್ದು, ಹೊಸ ಬೇರಿಂಗ್ ಎಲ್ಲಿ ಸಿಗುತ್ತೆ ಅಂತ. ಹೇಳಿದ್ದು, ಗೇರ್‌ಬಾಕ್ಸ್ ಬಿಚ್ಚಲು ಶುರು ಮಾಡಿ ಅಂತ.

ಮಾರ್ಚ್ ೧೭, ಸೋಮವಾರ

ಸಾಹೇಬರು ಕೆಂಡ. ಅಧ್ಯಕ್ಷೆ ಅವರಿಗೆ ನೇರ ಫೋನ್ ಮಾಡಿ, ಪತ್ರಿಕೆಯವರ ಹತ್ತಿರ ಹೋಗ್ತೀನಿ ಅಂದರಂತೆ. ಹೊಸ ಬೇರಿಂಗ್ ಬಂದು, ಬಿಚ್ಚಿ, ಕೂರಿಸುವ ಹೊತ್ತಿಗೆ ತಿಂಗಳು ಮುಗಿಯುತ್ತೆ. ಸ್ವಲ್ಪ ಹೊತ್ತು ಕೂಗಾಡಿ ಕೊನೆಗೆ ಸಾಹೇಬರು ಸೋತ ದನಿಯಲ್ಲಿ ಹೇಳಿದರು:

"ಹೊಗೆ ಹಾಳಾಗ್ಲಿ ಮೇಡಂ. ನಾಳೆ ಬೆಳಿಗ್ಗೆ ವಿಮಾನ ಹತ್ತಿ. ಟಿಕೆಟ್ ಮಾಡಿಸ್ತೀನಿ. ಹೋಗಿ ಕೈ ಇಟ್ಟೇ ನೋಡ್ಬಿಡಿ."

ಎರಡು ವಾರದಿಂದ ಈ ಮಾತಿಗೇ ಕಾದಿದ್ದೆ. ಇವರು ಕೇಳಿಸಿಕೊಂಡು, ಅಟ್ಟದಿಂದ ನನ್ನ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ ಮಂಚದ ಮೇಲಿಟ್ಟರು. ಬಟ್ಟೆ ತುಂಬಿ, ಬೆಚ್ಚನೆಯ ಸ್ವೆಟರ್ ಎಲ್ಲಕ್ಕಿಂತ ಮೇಲೆ. ಇವರಿಗೆ ನನ್ನ ಪೆಟ್ಟಿಗೆ ತುಂಬುವ ಕ್ರಮ ನನಗಿಂತ ಚೆನ್ನಾಗಿ ಗೊತ್ತು.

ಬರುತ್ತೇನೆ ಅಂತ ಹೇಳಲು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವರು ಆಗಲೇ ಗೇರ್‌ಬಾಕ್ಸಿನ ಮೇಲಿನ ಮುಚ್ಚಳ ತೆಗೆದು ಎಣ್ಣೆ ಇಳಿಸುತ್ತಿದ್ದರು.

"ಬನ್ನಿ ಮೇಡಂ. ಹಾಗಾದ್ರೆ ನಾವು ಇಲ್ಲಿಗೇ ನಿಲ್ಲಿಸ್ತೀವಿ. ನೀವು ಬಂದ ಮೇಲೆ ನೀವು ಹೇಳಿದ ಹಾಗೆ."

ಕಣ್ಣ ಮುಂದೆ ಬಂತು. ನಾನು ಹೋಗುತ್ತೇನೆ, ಅವರೆಲ್ಲ ಗೋಡೆಗೆ ಒರಗಿ ಕೈಕಟ್ಟಿ ನಿಲ್ಲುತ್ತಾರೆ, ನಾನು ಟಾರ್ಚ್ ಕಸಿದುಕೊಳ್ಳುತ್ತೇನೆ. ಮುಗಿಸಿ ಬರುತ್ತೇನೆ. ಮುಂದಿನ ವರ್ಷ ಮತ್ತೆ ಬೇರಿಂಗ್ ಹಾಕುವಾಗ ಇನ್ಯಾರೋ ಸದ್ದಿಲ್ಲ ಅನ್ನುತ್ತಾರೆ, ಮೆಕ್ಯಾನಿಕ್ ಸರಿ ಅನ್ನುತ್ತಾರೆ.

"ನಿಲ್ಲಿಸಬೇಡಿ. ಎಣ್ಣೆ ಇಳಿಸಿ. ಎಣ್ಣೇಲಿ ಲೋಹದ ಪುಡಿ ಇದೆಯಾ ನೋಡಿ ಹೇಳಿ" ಅಂದೆ.

ಟಿಕೆಟ್ ಬೇಡ ಅಂತ ಸಾಹೇಬರಿಗೆ ಹೇಳಿದೆ. ಹೋಗಿ ಬರುವುದರಲ್ಲೇ ನಾಲ್ಕು ದಿನ ಹಾಳು, ಅದಕ್ಕೇ.

ಇವರು ಸ್ವೆಟರನ್ನು ಮತ್ತೆ ಬೀರುವಿಗಿಟ್ಟರು. "ಅಲ್ಲಿ ಚಳಿ ಇತ್ತಂತೆ" ಅಂದರು, ಸುಮ್ಮನೆ.

ಮಾರ್ಚ್ ೧೯, ಬುಧವಾರ

ಬೇರಿಂಗ್ ಹೊರಗೆ ತೆಗೆದರು. ಈಗ ಮೂರು ಫೋನು: ಒಂದು ಎತ್ತರದಲ್ಲಿ ಕಟ್ಟಿದ್ದು, ಒಂದು ಕೈಯಲ್ಲಿ, ಒಂದು ಬರೀ ಸದ್ದು ರೆಕಾರ್ಡ್ ಮಾಡೋಕೆ. ನಾವಿಬ್ಬರೂ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಪ್ರತಿ ಹಂತದಲ್ಲೂ ಮೊದಲು ಅವರು ತಮಗೆ ಏನನ್ನಿಸಿತು ಹೇಳಬೇಕು, ಆಮೇಲೆ ನಾನು. ಮೊದಮೊದಲು ಅವರಿಗೆ ಬಾಯಿ ಬಿಡೋದು ಹಲ್ಲು ಕೀಳಿಸಿಕೊಂಡಷ್ಟು ಕಷ್ಟವಾಯಿತು. ನನಗೆ ಬಾಯಿ ಮುಚ್ಚಿಕೊಂಡಿರೋದು ಅದಕ್ಕಿಂತ ಕಷ್ಟ.

ಬೇರಿಂಗಿನ ಒಳಗಿನ ಬಳೆಯಲ್ಲಿ ಸಾಲಾಗಿ ಸುತ್ತಿಗೆ ಪೆಟ್ಟಿನ ಗುಳಿಗಳು. ಒಂದು ಗುಳಿಯಿಂದ ಕೂದಲೆಳೆಯಷ್ಟು ಬಿರುಕು.

"ಇದು ವಾರ ತಡೀತಿರ್ಲಿಲ್ಲ" ಅಂದರು ಅವರು.

ನನಗೆ ಅನ್ನಿಸಿದ್ದೂ ಅದೇ. ಅವರು ಎದ್ದು ಹೋಗಿ ಆ ಇಬ್ಬರು ಹುಡುಗರನ್ನು ಕರೆದು, ಬಿರುಕು ತೋರಿಸಿ, ಸುತ್ತಿಗೆ ಹೊಡೆದದ್ದು ನಾನು ಅಂತ ಅವರಿಗೂ ಹೇಳಿದರು. ನಾನು ಪರದೆಯಲ್ಲಿ ನೋಡುತ್ತಾ ಇದ್ದೆ.

ಮಾರ್ಚ್ ೨೧, ಶುಕ್ರವಾರ

ಬೇರಿಂಗ್ ದಾರಿಯಲ್ಲಿದೆ. ಕಾಯುವುದೊಂದೇ ಕೆಲಸ.

ಬೆಳಿಗ್ಗೆ ಬೇಗ ಕರೆ ಮಾಡಿದೆ. ಮೆಕ್ಯಾನಿಕ್ ಇನ್ನೂ ಮನೆಯಲ್ಲಿದ್ದರು. ಚಿಕ್ಕ ಮಗಳು ಅಳುತ್ತಿದ್ದಳು. ಕೂದಲು ಹಕ್ಕಿಗೂಡು, ಅಪ್ಪನ ಕೈಯಲ್ಲಿ ಬಾಚಣಿಗೆ. ಬಾಚಣಿಗೆಯನ್ನೂ ಸ್ಪ್ಯಾನರ್ ಹಾಗೆ ಹಿಡಿದಿದ್ದರು.

"ಅಮ್ಮ ಹಾಕೋ ಥರ ಜಡೆ ಬೇಕಂತೆ. ನಂಗೆ ಬರಲ್ಲ."

ನನಗೂ ಬರಲ್ಲ. ಹಿಂದಿನಿಂದ ಇವರು ಬಂದರು. ಕನ್ನಡಕ ಹಣೆಗೇರಿಸಿ, ಪರದೆಯ ಮುಂದೆ ಕೂತು, ಅತ್ತೆಯ ಉಣ್ಣೆಯ ದಾರ ಮೂರೆಳೆ ತೆಗೆದುಕೊಂಡರು.

"ಮೂರು ಭಾಗ ಮಾಡಿ. ಸಮ ಇರ್ಲಿ. ಬಲಗಡೇದನ್ನ ಮಧ್ಯಕ್ಕೆ ತನ್ನಿ. ಬಿಗಿ ಬೇಡ, ಮಗು ಅಳುತ್ತೆ. ಈಗ ಎಡಗಡೇದು. ಹಾಂ, ಅಷ್ಟೇ. ಕೈ ಬಿಡಬೇಡಿ."

ಅತ್ತೆ ಕುರ್ಚಿ ಎಳೆದುಕೊಂಡು ಬಂದು ಕೂತರು. "ಯಾರಪ್ಪ ಈ ಮಗು? ಎಷ್ಟು ಚೆನ್ನಾಗಿದೆ ಕೂದಲು. ಸೊಸೆ ಇಷ್ಟು ದಿನ ಗೋಡೆ ಜೊತೆ ಮಾತಾಡ್ತಿದಾಳೆ ಅಂದ್ಕೊಂಡಿದ್ದೆ, ಗೋಡೆ ಆಚೆ ಸಂಸಾರಾನೇ ಇದೆಯಲ್ಲ."

ಜಡೆ ಸೊಟ್ಟಗಾಯಿತು. ಆದರೆ ಜಡೆಯೇ. ಮಗು ಮುಂದಕ್ಕೆ ಎಳೆದುಕೊಂಡು ನೋಡಿ ಸುಮ್ಮನಾಯಿತು.

ನಮ್ಮ ಮಗಳು ಶಾಲೆಗೆ ಹೋಗುತ್ತಿದ್ದ ಎಲ್ಲ ಫೋಟೊಗಳಲ್ಲೂ ಎರಡು ಜಡೆ ಇವೆ. ಅವಳು ಈಗ ಕೆಲಸ ಸಿಕ್ಕಿ ಬೇರೆ ಊರಲ್ಲಿದ್ದಾಳೆ. ಆ ಜಡೆಗಳನ್ನು ಹಾಕಿದ್ದು ಯಾರು ಅಂತ ನಾನು ಯೋಚಿಸಿಯೇ ಇರಲಿಲ್ಲ. ಅತ್ತೆ ಇರಬೇಕು ಅಂದುಕೊಂಡಿದ್ದೆನೋ ಏನೋ.

ಮಧ್ಯಾಹ್ನ ಇವರ ಕರಡಿನ ಕಟ್ಟುಗಳನ್ನು ಕಿಟಕಿಯ ಕಟ್ಟೆಯಿಂದ ತಂದು ಮೇಜಿನ ಆ ತುದಿಗೆ ಇಟ್ಟೆ. ಬಿಸಿಲಿಗೆ ಕಾಗದ ಹಳದಿಯಾಗುತ್ತಿತ್ತು.

ಮಾರ್ಚ್ ೨೪, ಸೋಮವಾರ

ಬೇರಿಂಗ್ ಬಂತು. ಹೀಟರ್ ಇಲ್ಲದಿದ್ದರೂ ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಬಹುದು ಅಂತ ನಾನು ಹೇಳಿದೆ. ಮೆಕ್ಯಾನಿಕ್ ಹಳೆಯ ಡ್ರಮ್ ಕತ್ತರಿಸಿ ಕಡಾಯಿ ಮಾಡಿದರು. ಕಾದ ಬೇರಿಂಗ್ ಶಾಫ್ಟಿನ ಮೇಲೆ ಒಂದೇ ಉಸಿರಿಗೆ ಕೂರಬೇಕು. ಅರ್ಧದಲ್ಲಿ ಆರಿದರೆ ಅಲ್ಲೇ ಕಚ್ಚಿಕೊಳ್ಳುತ್ತೆ, ಆಮೇಲೆ ಬ್ರಹ್ಮ ಬಂದರೂ ಬರಲ್ಲ.

ಸರಿಯಾಗಿ ಆ ಹೊತ್ತಿಗೆ ಚಿತ್ರ ನಿಂತುಹೋಯಿತು. ನಾಲ್ಕು ಜನ ಕಡಾಯಿಯ ಮೇಲೆ ಬಾಗಿದ ಭಂಗಿಯಲ್ಲೇ ಪರದೆ ಹೆಪ್ಪುಗಟ್ಟಿತು. ನಾನು ಇಲ್ಲಿ ಎದ್ದು ನಿಂತಿದ್ದೇನೆ, ಎರಡೂ ಕೈ ಮುಂದೆ ಚಾಚಿ, ಹಿಡಿಯಲು ಏನೂ ಇಲ್ಲ. ಇವರೂ ಪೆನ್ನು ಕೆಳಗಿಟ್ಟು ಎದ್ದರು.

ಚಿತ್ರ ಮರಳಿದಾಗ ಬೇರಿಂಗ್ ಕೂತಿತ್ತು. ಮೆಕ್ಯಾನಿಕ್ ಮುಖ ಒರೆಸಿಕೊಳ್ಳುತ್ತಿದ್ದರು.

"ನೀವು ಸುಮ್ನಿದ್ರಿ" ಅಂದರು. "ಸರಿ ಹೋಗ್ತಿದೆ ಅಂತ ಧೈರ್ಯ ಬಂತು."

ಲೈನ್ ಹೋಗಿತ್ತು ಅಂತ ಹೇಳಿದೆ. ಹೇಳದೆ ಬಿಡಬಹುದಿತ್ತು. ಆದರೆ ಇಲ್ಲಿ ಇನ್ನು ಯಾವುದನ್ನೂ ಹೇಳದೆ ಬಿಡುವ ಹಾಗಿಲ್ಲ.

ಅವರು ಯೋಚಿಸಿದರು. "ಹಾಗಾದ್ರೆ ನಾವೇ ಕೂರಿಸಿದ್ವಿ."

"ನೀವೇ ಕೂರಿಸಿದ್ದು."

ಮಾರ್ಚ್ ೨೬, ಬುಧವಾರ

ರೆಕಾರ್ಡ್ ಮಾಡಿದ ಸದ್ದು ಬಂತು. ಕೇಳಿದೆ. ಮತ್ತೆ ಕೇಳಿದೆ. ಇವರಿಗೂ ಹೆಡ್‌ಫೋನ್ ಕೊಟ್ಟೆ.

"ನಂಗೇನು ಗೊತ್ತಾಗುತ್ತೆ?"

"ಕಲ್ಲು ಅಗಿದ ಹಾಗೆ ಏನಾದ್ರೂ?"

ಕಣ್ಣು ಮುಚ್ಚಿ ಕೇಳಿದರು. "ಇಲ್ಲ. ಜೇನುಗೂಡಿನ ಥರ ಇದೆ."

ಹೌದು, ಹಾಗೇ ಇರಬೇಕು.

ಮಾರ್ಚ್ ೨೭, ಗುರುವಾರ

ಮರಳಿನ ಮೂಟೆಗಳು ದಿನವಿಡೀ ಕಣಿವೆ ದಾಟಿ ಹೋಗಿ ಬಂದವು. ಕಂಪನ ಕಡಿಮೆ, ಎಣ್ಣೆಯ ಬಿಸಿ ಸರಿ, ಸದ್ದು ಸರಿ. ಮೆಕ್ಯಾನಿಕ್ ಮೊದಲು ಹೇಳಿದರು, ಆಮೇಲೆ ನಾನು. ಒಂದು ಕಡೆ ಇಬ್ಬರ ಮಾತು ಸೇರಲಿಲ್ಲ. ಬ್ರೇಕ್ ಒಂದು ಕೂದಲು ತಡ ಅಂತ ಅವರು, ಇಲ್ಲ ಅಂತ ನಾನು. ಮತ್ತೆ ಓಡಿಸಿ ನೋಡಿದೆವು. ತಡವೇ. ಸರಿಪಡಿಸಿದರು.

ಈ ಸಲ ಎಲ್ಲ ಓಡಿಸಿ ನೋಡಿದ ಮೇಲೇ ಸಹಿ ಅಂತ ಸಾಹೇಬರಿಗೆ ಹೇಳಿದ್ದೇನೆ. ನಾಳೆ ಪರೀಕ್ಷೆಗೆ ಜನ ಕೂರಬೇಕು. ಯಾರು ಅಂತ ಕೇಳಿದೆ. "ನೋಡೋಣ" ಅಂದರು.

ಮಾರ್ಚ್ ೨೮, ಶುಕ್ರವಾರ

ಕೂತದ್ದು ಅವರೇ. ಒಬ್ಬರೇ. ಕಂಟ್ರೋಲ್ ರೂಮಿನಲ್ಲಿ ಅವರ ಕೈಕೆಳಗಿನ ಹುಡುಗ ಸ್ವಿಚ್ಚಿನ ಮುಂದೆ, ಪರದೆಯ ಒಂದು ಮೂಲೆಯಲ್ಲಿ ಸಾಹೇಬರು, ಇನ್ನೊಂದರಲ್ಲಿ ಅಧ್ಯಕ್ಷೆ. ಮೆಕ್ಯಾನಿಕ್ ಕೈಯಲ್ಲಿ ಫೋನು ಹಿಡಿದು ಡಬ್ಬಿಯೊಳಗೆ ಕೂತಿದ್ದಾರೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಬಿಡಿ ಅನ್ನಬೇಕಾದವಳು ನಾನು.

"ನಿಮಗೇನನ್ನಿಸುತ್ತೆ?" ಅಂತ ಅವರನ್ನು ಕೇಳಿದೆ.

"ಹೋಗಬಹುದು."

"ನಂಗೂ ಹಾಗೇ ಅನ್ನಿಸುತ್ತೆ. ಬಿಡಿ."

ಡಬ್ಬಿ ನಿಲ್ದಾಣದ ಅಂಚು ದಾಟಿತು. ಅವರ ಫೋನಿನ ಚಿತ್ರದಲ್ಲಿ ನೆಲ ಕೆಳಗೆ ಬಿದ್ದುಹೋಯಿತು, ಮರಗಳ ತಲೆ, ಆಮೇಲೆ ಬರೀ ಬಿಳಿ ಮಂಜು. "ಸದ್ದು ಸರಿ ಇದೆ. ಅಲುಗಾಟ ಇಲ್ಲ" ಅಂತ ಹೇಳುತ್ತಿದ್ದರು. ಮಾತು ತುಂಡಾಯಿತು. ಸಿಗ್ನಲ್ ಹೋಯಿತು.

ಕಂಟ್ರೋಲ್ ರೂಮಿನ ಹುಡುಗ ಚಕ್ರ ತಿರುಗ್ತಿದೆ, ಮೀಟರ್ ಸರಿ ಇದೆ ಅಂತ ಒಂದೇ ಸಮನೆ ಹೇಳುತ್ತಿದ್ದ. ಚಕ್ರ ತಿರುಗುವುದು ಬೇರೆ, ಮನುಷ್ಯ ತಲುಪುವುದು ಬೇರೆ. ಸಾಹೇಬರು ಟೈ ಸಡಿಲಿಸಿಕೊಂಡರು. ಅಧ್ಯಕ್ಷೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅತ್ತೆ ಟೀವಿ ಆರಿಸಿ ನನ್ನ ಹಿಂದೆ ಬಂದು ನಿಂತರು. ಇವರ ಕೈ ನನ್ನ ಹೆಗಲ ಮೇಲಿತ್ತು. ಯಾವಾಗ ಇಟ್ಟರೋ ಗೊತ್ತಾಗಲಿಲ್ಲ.

ನಿಲ್ಲಿಸು ಅನ್ನಲೇ ಅಂತ ಬಾಯಿಗೆ ಬಂದಿತ್ತು. ನಿಲ್ಲಿಸಿದರೆ ಅವರು ಮಂಜಿನ ನಡುವೆ ನೇತಾಡಬೇಕು. ನಾಲಿಗೆ ಕಚ್ಚಿಕೊಂಡೆ.

ಅವರ ನಂಬರಿನಿಂದ ಕರೆ ಬಂತು. ಒಬ್ಬ ಹೆಂಗಸಿನ ದನಿ.

"ಮೇಡಂ, ಇವರು ತಲುಪಿದ್ದಾರೆ."

"ನೀವು?"

"ನಾನು ಇವರ ಮನೆಯವಳು. ಇಲ್ಲೇ ನಿಲ್ದಾಣದಲ್ಲೇ ಕಾಯ್ತಿದ್ದೆ. ಇವರಿಗೆ ಈಗ ಮಾತಾಡೋಕೆ ಆಗ್ತಿಲ್ಲ. ಆದ್ರೆ ಏನೋ ಹೇಳ್ಲೇಬೇಕಂತೆ, ನಿಮ್ಮ ಕಟ್ಟಳೆ ಅಂತೆ. ಒಂದು ನಿಮಿಷ ಇರಿ." ಪಿಸುಮಾತು. ಮೂಗು ಒರೆಸಿಕೊಂಡ ಸದ್ದು. "ಬಲಗಡೆ ಕಿಟಕಿ ಸ್ವಲ್ಪ ಗಡಗಡ ಅನ್ನುತ್ತಂತೆ. ಬರ್ಕೊಳ್ಳಿ ಅಂತಿದಾರೆ."

ಬರೆದುಕೊಂಡೆ. ಬರೆದದ್ದು ಆಮೇಲೆ ನೋಡಿದರೆ ಓದಲಿಕ್ಕಾಗಲಿಲ್ಲ.

ಮಾರ್ಚ್ ೩೧, ಸೋಮವಾರ

ಸಹಿ ಹಾಕಿದೆ. ನನ್ನ ಸಹಿಯ ಪಕ್ಕ ಮೆಕ್ಯಾನಿಕ್ ಸಹಿಯೂ ಬೇಕು ಅಂದೆ. ಅದಕ್ಕೆ ಜಾಗ ಇಲ್ಲ ಅಂದರು ಸಾಹೇಬರು. ಸ್ಕೇಲ್ ಇಟ್ಟು ಒಂದು ಗೆರೆ ಎಳೆದು ಜಾಗ ಮಾಡಿ ಕಳಿಸಿದೆ.

ಏಪ್ರಿಲ್ ೨, ಬುಧವಾರ

ಸಾಹೇಬರ ಫೋನು. ಖುಷಿಯಾಗಿದ್ದಾರೆ. ಸಮುದ್ರದಾಚೆಯ ಯಾವುದೋ ಊರಿನಲ್ಲಿ ದೊಡ್ಡ ಸಮ್ಮೇಳನ, ಪ್ರಯಾಣ ಮಾಡದೆ ಕೆಲಸ ಮಾಡುವುದು ಹೇಗೆ ಅನ್ನುವ ವಿಷಯ. ನಾನು ಹೋಗಿ ಮಾತಾಡಬೇಕಂತೆ.

"ಹೇಗೆ ಹೋಗೋದು ಸರ್?"

"ವಿಮಾನದಲ್ಲಿ" ಅಂದರು. ಅಂದ ಮೇಲೆ ಅವರಿಗೇ ಗೊತ್ತಾಗಿ ಸುಮ್ಮನಾದರು.

ಅತ್ತೆಗೆ ಹೇಳಿದೆ. ಅವರು ನಕ್ಕು ನಕ್ಕು ಕೆಮ್ಮು ಬಂದು, ಇವರು ನೀರು ತಂದುಕೊಟ್ಟರು. "ಉಪವಾಸದ ಮೇಲೆ ಭಾಷಣ ಮಾಡೋಕೆ ಊಟಕ್ಕೆ ಕರೆದ ಹಾಗಾಯ್ತಲ್ಲೇ" ಅಂದರು.

ಇಲ್ಲಿಂದಲೇ ಮಾತಾಡ್ತೀನಿ, ಆದರೆ ಒಬ್ಬಳೇ ಅಲ್ಲ ಅಂತ ಸಾಹೇಬರಿಗೆ ಬರೆದೆ. ಸಂಜೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಹಿಂದೆ ಪಾತ್ರೆಗಳ ಸದ್ದು, ಅವರ ಹೆಂಡತಿ ಮಗಳನ್ನು ಗದರುವ ಸದ್ದು. ಆ್ಯಪಿನ ಸದ್ದು ಸೋಸುವ ಗುಂಡಿಯನ್ನು ಇಬ್ಬರೂ ಆರಿಸಿಟ್ಟಿದ್ದೇವೆ, ಎಲ್ಲ ಕೇಳುತ್ತೆ.

"ನಾನು ಭಾಷಣ ಮಾಡೋದಾ? ನಂಗೇನು ಬರುತ್ತೆ ಮೇಡಂ? ಏನು ಹೇಳ್ಲಿ?"

"ಸದ್ದು ಬರ್ತಿತ್ತು, ನಾನು ಹೇಳಲಿಲ್ಲ ಅಂತ ನೀವು ಹೇಳಿ" ಅಂದೆ. "ನಾನು ಕೇಳಲಿಲ್ಲ ಅಂತ ನಾನು ಹೇಳ್ತೀನಿ."

ಅವರು ತುಂಬ ಹೊತ್ತು ಸುಮ್ಮನಿದ್ದರು. ನಾನು ಕಾದೆ.